ಎರಡನೆಯ ಮಗು ಯಾರ ಕೆಲಸ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮಲೆನಾಡಿನ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಏಕೆ ಕುಸಿಯುತ್ತಿದೆ ಎಂಬ ಪ್ರಶ್ನೆಗೆ ಕಳೆದ ಸಂಚಿಕೆಯಲ್ಲಿ ಉತ್ತರಿಸುತ್ತ, ವಲಸೆಯ ಜೊತೆಗೆ ಮನೆಯೊಳಗಿನ ಕೆಲಸದ ಹಂಚಿಕೆಯೂ ಒಂದು ಕಾರಣವೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿವೆ. ಆದ್ದರಿಂದ ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇವುಗಳಿಗಷ್ಟೇ ಇಲ್ಲಿ ಉತ್ತರಿಸಿದ್ದೇನೆ. ಬರೆದವರು ಕೋರಿದಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನಾನು ಅರವತ್ತು ದಾಟಿದ ಅಡಿಕೆ ಬೆಳೆಗಾರ. ನಮ್ಮ ತಾಯಿ ಏಳು ಮಕ್ಕಳನ್ನು ಹೆತ್ತರು. ಕೊಟ್ಟಿಗೆ, ಗದ್ದೆ, ಅಡಿಕೆ ಸುಲಿಯುವುದು ಎಲ್ಲವನ್ನೂ ನಿಭಾಯಿಸಿದರು. ಈಗ ಮನೆಯಲ್ಲಿ ಗ್ಯಾಸ್, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ ಎಲ್ಲ ಇದ್ದರೂ ಸೊಸೆ ಒಂದೇ ಸಾಕು ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಓದು, ನೌಕರಿ ಬಂದದ್ದರಿಂದಲೇ ಹೀಗಾಯಿತೆಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಇದರೊಳಗೆ ಮನೆಗೆಲಸವನ್ನು ನೀವು ಏಕೆ ಎಳೆದು ತಂದಿರಿ?
(ಹೊಸನಗರ ತಾಲ್ಲೂಕಿನ ಓದುಗರು)

ಉತ್ತರ: ಓದು ಮತ್ತು ದುಡಿಮೆ ಬಂದಲ್ಲೆಲ್ಲ ಹೆರಿಗೆಗಳ ಸಂಖ್ಯೆ ಇಳಿದಿದೆ ಎಂಬಷ್ಟರ ಮಟ್ಟಿಗೆ ನಿಮ್ಮ ಊರಿನವರ ಮಾತು ನಿಜ. ಆದರೆ ಏಳರಿಂದ ಎರಡಕ್ಕೆ ಇಳಿದದ್ದು ಒಂದು ಕಥೆಯಾದರೆ, ಎರಡರಿಂದ ಒಂದಕ್ಕೆ ಇಳಿಯುತ್ತಿರುವುದು ಬೇರೆಯದೇ ಕಥೆ. ಮೊದಲನೆಯದನ್ನು ಶಾಲೆ, ಲಸಿಕೆ, ಕುಟುಂಬ ಯೋಜನೆಗಳಿಂದ ವಿವರಿಸಬಹುದು. ಹುಟ್ಟಿದ ಮಕ್ಕಳು ಉಳಿಯುತ್ತವೆಂಬ ಧೈರ್ಯ ಬಂದಾಗ ಏಳು ಹೆರುವ ಅಗತ್ಯವೇ ಹೋಯಿತು. ಎರಡನೆಯದಕ್ಕೆ ಆ ವಿವರಣೆ ಸಾಲುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸು ತನ್ನ ಜೀವಿತದಲ್ಲಿ ಹೆರುವ ಮಕ್ಕಳ ಸರಾಸರಿ 1992-93ರಲ್ಲಿ 2.9ರ ಆಸುಪಾಸಿನಲ್ಲಿತ್ತು, 2019-21ರ ಹೊತ್ತಿಗೆ ಅದು 1.7ಕ್ಕೆ ಬಂದಿದೆ. ವಲಸೆಯ ಮಾತು ಬಿಟ್ಟರೆ, ಜನಸಂಖ್ಯೆ ದೀರ್ಘಕಾಲ ಇದ್ದಷ್ಟೇ ಉಳಿಯಲು 2.1 ಬೇಕು. ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿ 2001ಕ್ಕಿಂತ 2011ರ ಜನಗಣತಿಯಲ್ಲಿ ಜನರೇ ಕಡಿಮೆಯಾಗಿದ್ದರು. ಅಲ್ಲಿ ಊರು ಬಿಟ್ಟು ಹೋದವರ ಪಾಲು ದೊಡ್ಡದು, ನಿಜ. ಆದರೆ ಹೋದವರ ಜಾಗ ತುಂಬುವಷ್ಟು ಮಕ್ಕಳೂ ಹುಟ್ಟಿರಲಿಲ್ಲ.

ಈಗ ನಿಮ್ಮ ತಾಯಿಯವರ ವಿಚಾರಕ್ಕೆ ಬರುತ್ತೇನೆ. ಆ ಏಳು ಮಕ್ಕಳನ್ನು ಅವರೊಬ್ಬರೇ ಬೆಳೆಸಿದರೆ? ಮಲೆನಾಡಿನ ಯಾವುದೇ ಹಳೆಯ ಮನೆಯನ್ನು ನೆನಪಿಸಿಕೊಳ್ಳಿ. ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಕೊಯ್ಯುವ ದಿನಗಳಲ್ಲಿ ಸಂಜೆ ಅಂಗಳಕ್ಕೆ ರಾಶಿ ಬಿದ್ದ ಅಡಿಕೆಯನ್ನು ಬೇಗ ಸುಲಿದು ಬೇಯಿಸದಿದ್ದರೆ ಬಣ್ಣ ಕೆಡುತ್ತದೆ. ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತರೆ ಏಳುವುದು ನಡುರಾತ್ರಿಗೆ. ಆ ಹೊತ್ತಿನಲ್ಲಿ ತೊಟ್ಟಿಲು ತೂಗುತ್ತಿದ್ದವಳು ಅಜ್ಜಿ, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಓಡಾಡುತ್ತಿದ್ದವಳು ಮನೆಯ ಹಿರಿಯ ಮಗಳು. ಎಷ್ಟೋ ಮನೆಗಳಲ್ಲಿ ಆ ಹಿರಿಯ ಮಗಳ ಶಾಲೆ ನಾಲ್ಕನೆಯ ಇಯತ್ತೆಗೆ ನಿಂತದ್ದು ಇದೇ ಕಾರಣಕ್ಕೆ. ದೊಡ್ಡಮ್ಮ, ಚಿಕ್ಕಮ್ಮ, ವಿಧವೆಯಾಗಿ ತವರಿಗೆ ಮರಳಿದ ಅತ್ತೆ ಇವರೆಲ್ಲರ ಸಂಬಳವಿಲ್ಲದ ದುಡಿಮೆಯ ಮೇಲೆ ಆ ದೊಡ್ಡ ಸಂಸಾರ ನಿಂತಿತ್ತು. ಹಿರಿಯ ಮಗಳನ್ನು ಶಾಲೆಗೆ ಕಳುಹಿಸಿ ನಾವು ಸರಿಯಾದುದನ್ನೇ ಮಾಡಿದೆವು. ಆದರೆ ಅವಳು ಬಿಟ್ಟುಹೋದ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ನಾವು ತೀರ್ಮಾನಿಸಲೇ ಇಲ್ಲ, ಅದು ತಾನಾಗಿ ಒಬ್ಬಳೇ ಸೊಸೆಯ ತಲೆಗೆ ಬಂದು ಕುಳಿತಿತು.

ಯಂತ್ರಗಳ ಬಗ್ಗೆ ನೀವು ಬರೆದದ್ದೂ ಅರ್ಧ ಸತ್ಯ. ಗ್ಯಾಸ್ ಬಂದು ಹೊಗೆ ತಪ್ಪಿತು, ಒಗೆಯುವ ಕಲ್ಲಿನ ಮುಂದೆ ಬಗ್ಗುವುದು ತಪ್ಪಿತು. ಅಡಿಕೆ ಸುಲಿಯಲು ಯಂತ್ರ ಬಂದಿದೆ, ಕೊನೆಗಾರ ಮರ ಹತ್ತುವ ಬದಲು ನೆಲದಿಂದಲೇ ಗೊನೆ ಕೊಯ್ಯುವ ಫೈಬರ್ ದೋಟಿ ಬಂದಿದೆ. ಮಗುವಿನ ಕೆಲಸಕ್ಕೆ ಮಾತ್ರ ಯಾವ ಯಂತ್ರವೂ ಬರಲಿಲ್ಲ. ಅದರ ಬದಲು ಆ ಕೆಲಸವೇ ಬೆಳೆಯಿತು. ಬೆಳಿಗ್ಗೆ ಏಳೂವರೆಗೆ ರಸ್ತೆಯ ತಿರುವಿಗೆ ಬರುವ ಶಾಲೆಯ ವ್ಯಾನು, ಡಬ್ಬಿಗೆ ಎರಡು ಬಗೆಯ ತಿಂಡಿ, ಸಂಜೆ ಹೋಮ್‌ವರ್ಕ್, ವಾಟ್ಸಾಪ್ ಗುಂಪಿಗೆ ಶಾಲೆಯವರು ಹಾಕುವ ಸೂಚನೆಗಳು, ಇವು ಯಾವುವೂ ನಿಮ್ಮ ತಾಯಿಯ ಕಾಲದಲ್ಲಿ ಇರಲಿಲ್ಲ.

ಕೇಂದ್ರ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ ಕೊಟ್ಟಿದ್ದರು. ಆ 97 ನಿಮಿಷವೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರದ್ದು ಮಾತ್ರ. ಹಾಗೆ ಕೈ ಹಾಕಿದವರು ನೂರಕ್ಕೆ 26 ಮಂದಿ, ಹೆಂಗಸರಲ್ಲಾದರೆ 81 ಮಂದಿ. 2024ರ ಸಮೀಕ್ಷೆಯಲ್ಲಿ ಹೆಂಗಸರ ಅವಧಿ 289 ನಿಮಿಷಕ್ಕೆ ಇಳಿದಿದೆ. ಗಂಡಸರು ತುಂಬಿಕೊಟ್ಟರೇನೋ ಎಂದು ನೋಡಿದರೆ ಅವರದ್ದೂ 88ಕ್ಕೆ ಇಳಿದಿದೆ!

ಆಸ್ಟ್ರೇಲಿಯಾದ ಜನಸಂಖ್ಯಾತಜ್ಞ ಪೀಟರ್ ಮೆಕ್‌ಡೊನಾಲ್ಡ್ 2000ದಲ್ಲಿ ಮಂಡಿಸಿದ ವಾದ ಇಲ್ಲಿ ಉಪಯುಕ್ತ. ಶಾಲೆ, ಕಾಲೇಜು, ನೌಕರಿಯಂತಹ ಹೊರಗಿನ ವ್ಯವಸ್ಥೆಗಳಲ್ಲಿ ಹೆಣ್ಣಿಗೆ ಗಂಡಿನ ಸಮನಾದ ಅವಕಾಶ ಸಿಕ್ಕಿ, ಕುಟುಂಬದೊಳಗೆ ಮಾತ್ರ ಹಳೆಯ ಏರ್ಪಾಡೇ ಮುಂದುವರಿದರೆ ಜನನ ಪ್ರಮಾಣ ಬಹಳ ಕೆಳಕ್ಕೆ ಹೋಗುತ್ತದೆ ಎಂಬುದು ಅದರ ಸಾರ. ಎರಡೂ ಕಡೆ ಅಸಮಾನತೆಯಿದ್ದಾಗ ಹೆಣ್ಣಿಗೆ ಬೇರೆ ದಾರಿಯಿರಲಿಲ್ಲ, ಮಕ್ಕಳು ಹೆಚ್ಚು ಹುಟ್ಟಿದರು. ಒಂದು ಕಡೆ ಬಾಗಿಲು ತೆರೆದು ಇನ್ನೊಂದು ಕಡೆ ಹಳೆಯ ಹೊರೆಯನ್ನೇ ಉಳಿಸಿದಾಗ ಅವಳು ತನ್ನ ಕೈಯಲ್ಲಿರುವ ಒಂದೇ ಒಂದು ಲೆಕ್ಕವನ್ನು ಬದಲಿಸುತ್ತಾಳೆ, ಅದು ಮಕ್ಕಳ ಸಂಖ್ಯೆ. ಅರ್ಥಶಾಸ್ತ್ರದಲ್ಲಿ 2023ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದ್ದಾರೆ: ದಕ್ಷಿಣ ಕೊರಿಯಾ, ಜಪಾನ್, ಇಟಲಿಗಳಂತೆ ಬಹಳ ವೇಗವಾಗಿ ಬದಲಾದ ದೇಶಗಳಲ್ಲಿ ದುಡಿಮೆಯ ಲೋಕ ಮುಂದೆ ಓಡಿತು, ಗಂಡಸರ ನಿರೀಕ್ಷೆಗಳು ತಂದೆ-ತಾಯಿಯರ ಕಾಲದಲ್ಲೇ ನಿಂತವು. ಕೊರಿಯಾದಲ್ಲಿ 1960ರಲ್ಲಿ ಹೆಣ್ಣಿಗೆ ಸರಾಸರಿ ಆರು ಮಕ್ಕಳಿದ್ದರು. 2023ರಲ್ಲಿ ಆ ಸರಾಸರಿ 0.72.

ಒಂದೇ ತಲೆಮಾರಿನಲ್ಲಿ ಮೆಟ್ಟುಗತ್ತಿಯಿಂದ ಎಂಜಿನಿಯರಿಂಗ್ ಪದವಿಗೆ ಬಂದ ನಮ್ಮ ಹೆಣ್ಣುಮಕ್ಕಳ ಮನೆಗಳಿಗೆ ಈ ಮಾತು ಅನ್ವಯಿಸುವುದಿಲ್ಲವೆಂದು ನಾನು ಹೇಳಲಾರೆ. ನಿಮ್ಮ ಸೊಸೆಯ ಮನಸ್ಸಿನಲ್ಲಿ ಏನಿದೆಯೆಂದು ನನಗೆ ತಿಳಿಯದು. ಒಂದೇ ಮಗು ಸಾಕೆನ್ನುವುದು ಅವಳ ನಿಜವಾದ ಇಷ್ಟವೇ ಆಗಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಆದರೂ ಅವಳನ್ನು ಕೇಳುವ ಮೊದಲು ಮಗನನ್ನು ಕೇಳಿ: ಮೊಮ್ಮಗುವಿಗೆ ಜ್ವರ ಬಂದ ರಾತ್ರಿಗಳಲ್ಲಿ ಅವನು ಎಷ್ಟು ಬಾರಿ ಎದ್ದಿದ್ದಾನೆ? ನೀವು ಎಷ್ಟು ಬಾರಿ ಎದ್ದಿದ್ದೀರಿ ಎಂಬುದೂ ಕೇಳತಕ್ಕ ಪ್ರಶ್ನೆಯೇ.

ಪ್ರಶ್ನೆ: ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಾಲ್ಕು ವರ್ಷದ ಮಗಳಿದ್ದಾಳೆ. ನನ್ನವರು ಒಳ್ಳೆಯವರು, ಹೇಳಿದ ಕೆಲಸವನ್ನು ಒಂದೂ ಬೇಡ ಎನ್ನದೆ ಮಾಡುತ್ತಾರೆ. ಅಮ್ಮ, ಅತ್ತೆ ಇಬ್ಬರೂ ‘ಆರತಿಗೊಬ್ಬಳು ಆಯಿತು, ಕೀರ್ತಿಗೊಬ್ಬ ಬೇಡವೇ’ ಎಂದು ಕೇಳುತ್ತಲೇ ಇರುತ್ತಾರೆ. ನನಗೂ ಇನ್ನೊಂದು ಮಗು ಬೇಕೆನಿಸುತ್ತದೆ, ಆದರೆ ನೆನೆದರೆ ಭಯವಾಗುತ್ತದೆ. ಇಷ್ಟು ಒಳ್ಳೆಯ ಗಂಡನಿದ್ದೂ ಭಯಪಡುವುದು ನನ್ನ ದೋಷವೇ?
(ಶಿವಮೊಗ್ಗ ನಗರದ ಓದುಗರು)

ಉತ್ತರ: ದೋಷವಲ್ಲ. ನಿಮ್ಮ ಪತ್ರದಲ್ಲೇ ಕಾರಣವಿದೆ: ಅವರು ಹೇಳಿದ ಕೆಲಸವನ್ನು ಮಾಡುತ್ತಾರೆ, ಹೇಳಬೇಕಾದವರು ನೀವು. ಮಗುವಿನ ಲಸಿಕೆಗಳನ್ನು ಬರೆದಿಡುವ ‘ತಾಯಿ ಕಾರ್ಡ್’ ಅನ್ನು ಒಮ್ಮೆ ತೆಗೆದು ನೋಡಿ. ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ, ಒಂಬತ್ತು ತಿಂಗಳು ತುಂಬಿದ ಮೇಲೆ, ಮತ್ತೆ ಹದಿನಾರರಿಂದ ಇಪ್ಪತ್ತನಾಲ್ಕನೆಯ ತಿಂಗಳೊಳಗೆ ಹಾಕಿಸಿದ ಲಸಿಕೆಗಳಿಗೆಲ್ಲ ಬಹುಶಃ ಸ್ಕೂಟರ್ ಓಡಿಸಿದವರು ನಿಮ್ಮವರು. ದಿನವನ್ನು ನೆನಪಿಟ್ಟು, ಕಚೇರಿಯಲ್ಲಿ ಅರ್ಧ ದಿನದ ರಜೆ ಕೇಳಿ, ರಾತ್ರಿ ಜ್ವರ ಬಂದರೆ ಕೊಡಬೇಕಾದ ಔಷಧಿ ಮನೆಯಲ್ಲಿದೆಯೇ ಎಂದು ನೋಡಿದವರು ನೀವು. ಇಂತಹ ಕೆಲಸ ಗಡಿಯಾರದ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಸಮೀಕ್ಷೆಗಳಲ್ಲೂ ಕಾಣುವುದಿಲ್ಲ. ಎರಡನೆಯ ಮಗು ಬಂದರೆ ಸ್ಕೂಟರಿನ ಓಡಾಟ ಸ್ವಲ್ಪ ಹೆಚ್ಚುತ್ತದೆ. ನೆನಪಿಡುವ ಕೆಲಸವಾದರೋ ದುಪ್ಪಟ್ಟಾಗುತ್ತದೆ, ಏಕೆಂದರೆ ಇಬ್ಬರದ್ದೂ ಬೇರೆ ಬೇರೆ ವಯಸ್ಸು, ಬೇರೆ ಬೇರೆ ಶಾಲೆ, ಬೇರೆ ಬೇರೆ ಕಾಯಿಲೆ.

ಇನ್ನೊಂದು ಕಾರಣವನ್ನು ನೀವು ಬರೆದಿಲ್ಲ, ನಾನು ಊಹಿಸುತ್ತೇನೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ರೂಢಿ. ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹೊಯ್ಯುವುದು, ಮೆಣಸು-ಬೆಳ್ಳುಳ್ಳಿಯ ಸಾರು, ಕಷಾಯ, ರಾತ್ರಿ ಮಗುವನ್ನು ಮಡಿಲಿಗೆ ಹಾಕಿಕೊಂಡು ಕೂರುವುದು ಇವೆಲ್ಲವನ್ನೂ ತಾಯಿ ಮಾಡಿದ್ದಾಳೆ. ಎರಡನೆಯ ಬಾಣಂತನದ ಹೊತ್ತಿಗೆ ಅದೇ ತಾಯಿಗೆ ಮಂಡಿನೋವು ಬಂದಿರುತ್ತದೆ, ಅಪ್ಪನ ಸಕ್ಕರೆ ಕಾಯಿಲೆಯನ್ನು ನೋಡಿಕೊಳ್ಳಬೇಕಿರುತ್ತದೆ, ಅಣ್ಣ-ಅತ್ತಿಗೆ ಬೆಂಗಳೂರಿನಲ್ಲಿರುತ್ತಾರೆ. ಬಾಣಂತನ ಹೆಂಗಸಿನಿಂದ ಹೆಂಗಸಿಗೆ ಮಾತ್ರ ಸಾಗುವ ಕೆಲಸವೆಂದು ಇಟ್ಟುಕೊಂಡ ಮೇಲೆ, ಕುಟುಂಬ ಚಿಕ್ಕದಾದಂತೆ ಆ ಸಾಲಿನಲ್ಲಿ ನಿಲ್ಲುವ ಹೆಂಗಸರೇ ಇಲ್ಲವಾಗುತ್ತಾರೆ. ಗಂಡಸರನ್ನು ಆ ಸಾಲಿಗೆ ನಾವು ಕರೆದೇ ಇಲ್ಲ.

ಸ್ವೀಡನ್, ಜರ್ಮನಿ, ಇಟಲಿ ಮೊದಲಾದ ದೇಶಗಳ ಅಧ್ಯಯನಗಳಲ್ಲಿ ಪದೇ ಪದೇ ಕಂಡ ಒಂದು ಸಂಗತಿಯಿದೆ: ಮೊದಲ ಮಗುವಿನ ಆರೈಕೆಯಲ್ಲಿ ತಂದೆ ಹೆಚ್ಚು ಪಾಲುಗೊಂಡ ಮನೆಗಳಲ್ಲಿ ಎರಡನೆಯ ಮಗು ಹುಟ್ಟುವ ಸಾಧ್ಯತೆ ಹೆಚ್ಚು. ಮೊದಲ ಮಗುವನ್ನು ಹೆರುವಾಗ ಯಾರಿಗೂ ಏನೂ ಗೊತ್ತಿರುವುದಿಲ್ಲ. ಎರಡನೆಯದರ ತೀರ್ಮಾನ ಮಾತ್ರ ಅನುಭವದಿಂದ ಬರುತ್ತದೆ. ನಿಮ್ಮವರೊಡನೆ ಮಾತಾಡುವಾಗ ‘ಇನ್ನೂ ಸಹಾಯ ಮಾಡಿ’ ಎಂದು ಕೇಳಬೇಡಿ, ಮಗಳ ಬೆಳಗಿನ ಹೊತ್ತನ್ನು ಇಡಿಯಾಗಿ ಅವರಿಗೆ ಬಿಟ್ಟುಕೊಡಿ: ಎಬ್ಬಿಸುವುದರಿಂದ ಹಿಡಿದು ಡಬ್ಬಿಗೆ ಏನು ಹಾಕಬೇಕೆಂದು ತೀರ್ಮಾನಿಸುವವರೆಗೆ. ಒಂದೆರಡು ದಿನ ಜಡೆ ಸೊಟ್ಟಗಾಗುತ್ತದೆ, ಆಗಲಿ. ಕೆಲವು ತಿಂಗಳು ಹಾಗೆ ನಡೆದ ಮೇಲೆ ಇನ್ನೊಂದು ಮಗುವಿನ ಮಾತನ್ನು ಇಬ್ಬರೂ ಕೂತು ಆಡಬಹುದು. ‘ಕೀರ್ತಿಗೊಬ್ಬ’ನ ಮಾತಿಗೆ ಉತ್ತರ ಕೊಡುವ ಅಗತ್ಯವಿಲ್ಲ.

ಪ್ರಶ್ನೆ: ಸಮಾನತೆಯಿಂದ ಜನನ ಪ್ರಮಾಣ ಏರುತ್ತದೆ ಎನ್ನುವುದಾದರೆ ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಅದು ಏಕೆ ಇಳಿಯುತ್ತಿದೆ? ನಮ್ಮ ರಾಜ್ಯದಲ್ಲಿ ಸಮಾನತೆಯೂ ಇಲ್ಲ, ಓದಿದ ಹೆಂಗಸರೆಲ್ಲ ನೌಕರಿಯಲ್ಲೂ ಇಲ್ಲ, ಆದರೂ ಇಳಿದಿದೆ. ಹಾಗಾದರೆ ನಿಮ್ಮ ವಾದವೇ ಬೀಳುವುದಿಲ್ಲವೇ?
(ಸಾಗರದ ಪದವಿ ವಿದ್ಯಾರ್ಥಿ)

ಉತ್ತರ: ಬೀಳುವುದಿಲ್ಲ, ಆದರೆ ಅದರ ಮಿತಿ ಗೊತ್ತಾಗುತ್ತದೆ. ಸ್ವೀಡನ್ 1974ರಲ್ಲೇ ಹೆರಿಗೆಯ ನಂತರದ ರಜೆಯನ್ನು ತಂದೆ-ತಾಯಿ ಇಬ್ಬರಿಗೂ ತೆರೆಯಿತು. ಇಂದು ಅಲ್ಲಿ ಒಂದು ಮಗುವಿಗೆ 480 ದಿನಗಳ ಸಂಬಳ ಸಹಿತ ರಜೆಯಿದೆ, ಅದರಲ್ಲಿ 90 ದಿನ ತಂದೆಗೆ ಮೀಸಲು, ಅವನು ಬಳಸದಿದ್ದರೆ ಹೋಯಿತು. ಅಲ್ಲಿನ ಪ್ರಮಾಣ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು, 2010ರಲ್ಲಿ 1.98 ಇತ್ತು, 2024ರಲ್ಲಿ 1.43. ಫಿನ್ಲೆಂಡ್‌ನಲ್ಲಿ ಅದೇ 2010ರಲ್ಲಿ 1.87 ಇದ್ದದ್ದು 2023ಕ್ಕೆ 1.26 ಆಯಿತು. ಅಂದರೆ ಮನೆಗೆಲಸ ಹಂಚಿಕೊಂಡ ಮಾತ್ರಕ್ಕೆ ಮಕ್ಕಳು ಹುಟ್ಟುವುದಿಲ್ಲ. ಮನೆಯ ಬೆಲೆ, ಕೆಲಸದ ಅಭದ್ರತೆ, ಸಂಗಾತಿ ಸಿಗುವುದು ತಡವಾಗುವುದು, ಮಗುವೇ ಬೇಡವೆನ್ನುವ ಇಷ್ಟ ಇವೆಲ್ಲ ಅಲ್ಲಿ ಕೆಲಸ ಮಾಡುತ್ತಿವೆ. ಹಾಗೆ ಇಳಿದ ಮೇಲೂ ಸ್ವೀಡನ್‌ನ ಪ್ರಮಾಣ ಕೊರಿಯಾದ ಸುಮಾರು ಎರಡರಷ್ಟಿದೆ ಎಂಬುದನ್ನು ಮಾತ್ರ ಮರೆಯಬೇಡಿ.

ನಮ್ಮ ರಾಜ್ಯದ ಬಗ್ಗೆ ನೀವು ಗುರುತಿಸಿದ್ದು ಸರಿಯಾಗಿದೆ. ಕೊರಿಯಾದ ಹೆಂಗಸರು ತಡವಾಗಿ ಮದುವೆಯಾಗಿ ಅಥವಾ ಮದುವೆಯೇ ಆಗದೆ ಕೆಳಗೆ ಬಂದರು. ಕರ್ನಾಟಕದ ಹೆಂಗಸರು ಬೇಗ ಮದುವೆಯಾಗಿ, ಎರಡು ಹೆತ್ತು, ಮೂವತ್ತರೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕೆಳಗೆ ಬಂದರು. ಮನೆಯಲ್ಲಿ ಸಮಾನತೆ ಬಂದು ಇಳಿದದ್ದಲ್ಲ ಇದು. ಆದರೆ ಇನ್ನು ಮುಂದಿನ ಇಳಿಕೆ ಕೊರಿಯಾದ ದಾರಿಯಲ್ಲಿ ಆಗುತ್ತದೆಂದು ನನ್ನ ಅಂದಾಜು. ನಿಮ್ಮ ಕಾಲೇಜಿನ ಹುಡುಗಿಯರನ್ನೇ ಕೇಳಿ ನೋಡಿ. ಮದುವೆಯ ಮಾತಿಗೆ ಅವರು ಮೊದಲು ಇಡುವ ಷರತ್ತು ಯಾವುದೆಂದು ತಿಳಿಯುತ್ತದೆ.

ಪ್ರಶ್ನೆ: ಮೂವತ್ತನಾಲ್ಕು ವರ್ಷ. ಮೂರು ಎಕರೆ ಅಡಿಕೆ ತೋಟ, ಸ್ವಂತ ಮನೆ ಇದೆ, ಕೆಟ್ಟ ಅಭ್ಯಾಸಗಳಿಲ್ಲ. ಆದರೂ ಹೆಣ್ಣು ಸಿಗುತ್ತಿಲ್ಲ. ಮದುವೆಯೇ ಇಲ್ಲದವರ ಮುಂದೆ ಎರಡನೆಯ ಮಗುವಿನ ಚರ್ಚೆ ಯಾಕೆ?
(ತೀರ್ಥಹಳ್ಳಿ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ನೋವು ಮಲೆನಾಡಿನದ್ದಷ್ಟೇ ಅಲ್ಲ, 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಹುಡುಗಿಯರಿಗೆ ಪೇಟೆಯ ವ್ಯಾಮೋಹ ಎಂಬ ಮಾತಿನಿಂದ ಇದು ಮುಗಿಯುವುದಿಲ್ಲ. ನಿಮ್ಮನ್ನು ಬೇಡವೆನ್ನುವ ಹುಡುಗಿಯರು ಹುಟ್ಟಿ ಬೆಳೆದದ್ದು ಇಂತಹವೇ ತೋಟದ ಮನೆಗಳಲ್ಲಿ. ಅವರಿಗೆ ‘ತೋಟದ ಮನೆ ಬೇಡ ಮಗಳೇ’ ಎಂದು ಮೊದಲು ಹೇಳಿದವರು ಅವರ ತಾಯಂದಿರು; ಬೆಳಗಿನ ಕೊಟ್ಟಿಗೆಯಿಂದ ರಾತ್ರಿಯ ಬಚ್ಚಲ ಒಲೆಯವರೆಗೆ ದುಡಿದೂ ಪಹಣಿಯಲ್ಲಿ ಹೆಸರಿಲ್ಲದವರು. ನಿಮ್ಮ ಮೂರು ಎಕರೆಯ ಪಹಣಿ ಯಾರ ಹೆಸರಿನಲ್ಲಿದೆ? ತಂದೆಯ ಹೆಸರಿನಲ್ಲಿದ್ದರೆ, ಬರುವ ಹುಡುಗಿಯ ಕಣ್ಣಿಗೆ ನೀವೂ ಅವಳೂ ಆ ಮನೆಯ ಕೂಲಿಯಿಲ್ಲದ ಆಳುಗಳಂತೆ ಕಾಣುತ್ತೀರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆ 2005ರಲ್ಲಿ. ನಮ್ಮ ಮನೆಗಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಅದನ್ನು ದಾಟಿಬಿಟ್ಟವು. ಮದುವೆಯ ಮಾತಿಗೆ ಕೂರುವಾಗ ತೋಟದ ವಿಸ್ತೀರ್ಣದ ಜೊತೆಗೆ ಅವಳ ಹೆಸರಿಗೆ ಏನಿರುತ್ತದೆ, ಅಡಿಗೆಮನೆಯಲ್ಲಿ ನೀವು ಏನು ಮಾಡುತ್ತೀರಿ, ಅವಳ ಕೆಲಸಕ್ಕೆ ಇಂಟರ್ನೆಟ್ ಮತ್ತು ವಾಹನ ಇವೆಯೇ ಎಂಬುದನ್ನೂ ನೀವೇ ಮೊದಲು ಹೇಳಿ. ಇದರಿಂದ ಮದುವೆ ಆಗಿಯೇ ತೀರುತ್ತದೆಂಬ ಭರವಸೆ ಕೊಡಲಾರೆ, ಆದರೆ ನಿಮ್ಮ ಜೊತೆ ಸರತಿಯಲ್ಲಿರುವ ಬಹಳ ಮಂದಿ ಇದನ್ನು ಹೇಳುತ್ತಿಲ್ಲ.

ಪ್ರಶ್ನೆ: ದಕ್ಷಿಣದ ರಾಜ್ಯಗಳ ಜನರು ಹೆಚ್ಚು ಮಕ್ಕಳನ್ನು ಹೆರಬೇಕೆಂದು ರಾಜಕಾರಣಿಗಳು ಹೇಳುತ್ತಿದ್ದಾರೆ. ಸರ್ಕಾರ ಮೂರನೆಯ ಮಗುವಿಗೆ ಹಣ ಕೊಟ್ಟರೆ ಪ್ರಯೋಜನವಾಗುವುದೇ?
(ಭದ್ರಾವತಿಯ ನಿವೃತ್ತ ನೌಕರರು)

ಉತ್ತರ: 2024ರ ಅಕ್ಟೋಬರ್‌ನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಆ ಮಾತನ್ನಾಡಿದರು, ತಮಿಳುನಾಡಿನ ಸ್ಟಾಲಿನ್ ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯನ್ನು ಜೋಡಿಸಿ ದನಿಗೂಡಿಸಿದರು. ‘ಚಿಕ್ಕ ಸಂಸಾರ, ಚೊಕ್ಕ ಸಂಸಾರ’ ಎಂದು ಗೋಡೆಯ ಮೇಲೆ ಬರೆಸಿದ ಸರ್ಕಾರಗಳೇ ಈಗ ಹೀಗೆ ಹೇಳುವುದರಲ್ಲಿ ಒಂದು ಸಮಾನ ಅಂಶವಿದೆ: ಎರಡೂ ಕಾಲದಲ್ಲಿ ಮಾತು ಹೋದದ್ದು ಹೆಂಗಸಿನ ಗರ್ಭದ ಕಡೆಗೇ. ಹಣದ ಬಗ್ಗೆ ಕೊರಿಯಾದ ಅನುಭವ ಸಾಕು. 2006ರಿಂದ ಅದು ನೂರಾರು ಲಕ್ಷ ಕೋಟಿ ವಾನ್ ಖರ್ಚು ಮಾಡಿದರೂ 2023ರವರೆಗೆ ಇಳಿಕೆ ನಿಲ್ಲಲಿಲ್ಲ. ತಂದೆಯರಿಗೆ ಕಾನೂನಿನಲ್ಲಿ ದೀರ್ಘ ರಜೆಯಿತ್ತು, ಕಚೇರಿಯ ಕಣ್ಣಿಗೆ ಹೆದರಿ ಬಹುಕಾಲ ಹೆಚ್ಚಿನವರು ಅದನ್ನು ಬಳಸಲೇ ಇಲ್ಲ.

ನಮ್ಮ ಕಾನೂನನ್ನೇ ನೋಡಿ. 2017ರ ತಿದ್ದುಪಡಿಯಂತೆ ಮೊದಲೆರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ, ಮೂರನೆಯದಕ್ಕೆ 12 ವಾರ. ಮೂರು ಹೆರಿ ಎಂದು ವೇದಿಕೆಯಿಂದ ಹೇಳುವವರು ಇದನ್ನು ಓದಿರಲಿಕ್ಕಿಲ್ಲ. ಈ ರಜೆಯ ಸಂಬಳವನ್ನು ಭರಿಸುವುದು ಬಹುಪಾಲು ಉದ್ಯೋಗದಾತನೇ ಆದ್ದರಿಂದ ಹೆಂಗಸನ್ನು ಕೆಲಸಕ್ಕೆ ತೆಗೆದುಕೊಳ್ಳಲೇ ಹಿಂಜರಿಯುವ ಸಂಸ್ಥೆಗಳಿವೆ. ಗಂಡಸರಿಗೆ ಸರ್ಕಾರಿ ನೌಕರಿಯಲ್ಲಿ 15 ದಿನ. ಖಾಸಗಿಯವರಿಗೆ ಕಾನೂನಿನ ಪ್ರಕಾರ ಏನೂ ಇಲ್ಲ. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮವಿದೆ, ಆದರೆ ಅಡಿಕೆ ಮಂಡಿಯಲ್ಲಿ, ಬಟ್ಟೆ ಅಂಗಡಿಯಲ್ಲಿ ದುಡಿಯುವ ಹೆಂಗಸು ಅದರೊಳಗೆ ಬರುವುದಿಲ್ಲ. ನನ್ನ ಮಟ್ಟಿಗೆ ಉಪಯುಕ್ತವಾಗಿ ಕಾಣುವುದು ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ರಾಜ್ಯ ತೆರೆದ ‘ಕೂಸಿನ ಮನೆ’. ಅದನ್ನು ಕೂಲಿಯವರಿಗಷ್ಟೇ ಸೀಮಿತಗೊಳಿಸದೆ, ಸಂಜೆ ಆರರವರೆಗೆ ತೆರೆದಿಟ್ಟು, ಅಲ್ಲಿ ದುಡಿಯುವವರಿಗೆ ಬದುಕುವಷ್ಟು ಸಂಬಳ ಕೊಟ್ಟರೆ, ಮೂರನೆಯ ಮಗುವಿಗೆ ಹಂಚುವ ಹಣಕ್ಕಿಂತ ಹೆಚ್ಚು ಪ್ರಯೋಜನವಾದೀತು. ಆಗಲೂ ಮಕ್ಕಳ ಸಂಖ್ಯೆ ಏರದಿರಬಹುದು, ಇದ್ದ ಮಕ್ಕಳ ತಾಯಂದಿರಿಗೆ ಉಸಿರಾಡಲು ಜಾಗವಂತೂ ಸಿಗುತ್ತದೆ.

ಪ್ರಶ್ನೆ: ಎರಡು ಮಕ್ಕಳಾಗಿವೆ, ಎರಡೂ ಸಿಸೇರಿಯನ್. ಗಂಡನೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಒಪ್ಪಿದ್ದಾರೆ. ಆದರೆ ಅತ್ತೆ, ತೋಟದ ಕೆಲಸ ಮಾಡುವ ಗಂಡಸಿನ ಶಕ್ತಿ ಹೋಗುತ್ತದೆ ಎಂದು ತಡೆಯುತ್ತಿದ್ದಾರೆ. ಇದು ನಿಜವೇ?
(ಸೊರಬದ ಓದುಗರು)

ಉತ್ತರ: ನಿಜವಲ್ಲ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಗಂಡಸರ ಪ್ರಮಾಣ ದಶಮಾಂಶದ ಮೊದಲ ಸ್ಥಾನದಲ್ಲೂ ಸೊನ್ನೆ. ಹೊಟ್ಟೆ ಕೊಯ್ಯಬೇಕಾದ ಚಿಕಿತ್ಸೆ ಒಬ್ಬರಿಗೆ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಚಿಕಿತ್ಸೆಯನ್ನು ತಪ್ಪಿಸಿಕೊಳ್ಳುವ ಹಕ್ಕು ಇನ್ನೊಬ್ಬರಿಗೆ ಎಂಬ ಈ ಹಂಚಿಕೆಯ ಹಿಂದೆ ನಿಮ್ಮ ಅತ್ತೆಯವರ ಭಯವೇ ಇದೆ. ಗಂಡಸರಿಗೆ ಈಗ ಮಾಡುವುದು ಚಾಕು ಬಳಸದ, ಹೊಲಿಗೆ ಬೇಡದ ವಿಧಾನ. ಆ ಭಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ವೀರ್ಯಾಣು ಸಾಗುವ ನಾಳವನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ; ಅದೇ ದಿನ ಮನೆಗೆ ಬರಬಹುದು. ಗಂಡು ಹಾರ್ಮೋನು ನೇರವಾಗಿ ರಕ್ತಕ್ಕೆ ಸೇರುವುದರಿಂದ ಅದರಲ್ಲಿ, ಸ್ನಾಯುವಿನ ಬಲದಲ್ಲಿ, ದಾಂಪತ್ಯದ ಸುಖದಲ್ಲಿ ವ್ಯತ್ಯಾಸವಾಗುವುದಿಲ್ಲ. ಒಂದೆರಡು ದಿನ ವಿಶ್ರಾಂತಿ ಬೇಕು, ಭಾರ ಎತ್ತುವ ಕೆಲಸಕ್ಕೆ ಸುಮಾರು ಒಂದು ವಾರ ತಡೆಯಬೇಕು. ಆದ್ದರಿಂದ ಕೊನೆಕೊಯ್ಲಿನ ಗಡಿಬಿಡಿ ಮುಗಿದ ಮೇಲೆ ಮಾಡಿಸಿಕೊಳ್ಳುವುದು ಅನುಕೂಲ. ಶಾಶ್ವತ ವಿಧಾನವಾದ್ದರಿಂದ ಇಬ್ಬರೂ ಯೋಚಿಸಿ ಒಪ್ಪಿರಬೇಕು. ಮಾಡಿಸಿಕೊಂಡ ಕೂಡಲೇ ಫಲ ಸಿಗುವುದಿಲ್ಲ ಎಂಬುದನ್ನು ಮುಖ್ಯವಾಗಿ ತಿಳಿದಿರಿ: ಮೂರು ತಿಂಗಳ ನಂತರ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲವೆಂದು ವೈದ್ಯರು ಹೇಳುವವರೆಗೆ ನಿರೋಧ್ ಅಥವಾ ಬೇರೆ ಸಾಧನವನ್ನು ಬಳಸುತ್ತಲೇ ಇರಬೇಕು. ಪರೀಕ್ಷೆಗೆ ಅತ್ತೆಯವರನ್ನು ಕರೆದೊಯ್ಯುವ ಅಗತ್ಯವಿಲ್ಲ, ಆದರೆ ವೈದ್ಯರೊಡನೆ ಮೊದಲ ಸಲ ಮಾತಾಡಲು ಹೋಗುವಾಗ ಅವರೂ ಬಂದು ತಮ್ಮ ಸಂದೇಹವನ್ನು ನೇರವಾಗಿ ಕೇಳುವುದು ಒಳ್ಳೆಯದು.